ಬೆರಳಿನ ಕೊಸರು

ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದ ನೀಲಾಂಬಿಕಾ ಎಡಗೈಯಿಂದ ಕಂಬ ಹಿಡಿದು ನಿಂತು ಬಲಗೈಯನ್ನೇ ನೋಡುತ್ತಿದ್ದಳು. ಐವತ್ತೊಂದು ವರ್ಷ ಜೊತೆಗಿದ್ದ ಕೈ. ಅದನ್ನು ಹೀಗೆ ಮುಖದೆದುರು ಹಿಡಿದು ಪರೀಕ್ಷಿಸಬೇಕೆಂದು ನಿನ್ನೆ ಸಂಜೆಯವರೆಗೂ ಅನ್ನಿಸಿರಲಿಲ್ಲ. ನಿನ್ನೆ ಸಂಜೆ ಲ್ಯಾಬಿನಲ್ಲಿ, ಯಂತ್ರದ ತೋಳನ್ನು ಕಟ್ಟುತ್ತಿರುವ ಇಂಜಿನಿಯರ್ ಅನಿಕೇತ್ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ್ದ: "ಆಂಟಿ, ನಿಮ್ಮ ಕೈ ಸ್ವಲ್ಪ ನಡುಗುತ್ತೆ ಅಲ್ವಾ? ತಪ್ಪು ತಿಳ್ಕೋಬೇಡಿ, ವಯಸ್ಸಾದ್ಮೇಲೆ ಎಲ್ರಿಗೂ ಬರೋದೇ. ಆದ್ರೆ ನೋಡಿ, ಮಷೀನು ಅದನ್ನೂ ಕಲ್ತ್ಬಿಟ್ಟಿದೆ." ಹಾಗೆಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ನಕ್ಕಿದ್ದೇ ತಪ್ಪಾಯಿತು. ನಗದೆ ಸುಮ್ಮನೆ ನಿಂತಿದ್ದರೆ ಅವನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದನೋ ಏನೋ. ಕೇಳಿದ್ದರೆ ಬಾಯಿಂದ ನಿಜ ಬಂದುಬಿಡುತ್ತಿತ್ತು. ಈಗ ನೋಡಿದರೆ ಬೆರಳುಗಳು ಒಂದಿಷ್ಟೂ ಅಲುಗದೆ ನಿಂತಿವೆ. ಅವಳು ಕೈಯನ್ನು ಅಷ್ಟು ಹೊತ್ತು ನೋಡಿಕೊಳ್ಳುತ್ತಿರುವುದನ್ನು ಕಂಡು ಕಾಲೇಜು ಹುಡುಗಿಯೊಬ್ಬಳು ಎದ್ದು "ಕೂತ್ಕೊಳಿ ಆಂಟಿ" ಎಂದಳು. ಬೇಡವೆನ್ನಲು ಹೋಗಿ, ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತದೆಂದು ಹೆದರಿ, ಕೂತುಬಿಟ್ಟಳು.

ಕೆಂಗೇರಿಯ ಆಚೆ ಇರುವ ಆ ಸಂಸ್ಥೆಯಲ್ಲಿ ನೀಲಾಂಬಿಕಾಳ ಕೆಲಸ ಹಣ್ಣಿನ ನೊಣಗಳನ್ನು ಸಾಕುವುದು. ಅಡಿಗೆಮನೆಯಲ್ಲಿ ಬಾಳೆಹಣ್ಣು ಕೊಳೆತರೆ ಮುತ್ತುವ, ಎಳ್ಳಿಗಿಂತ ಚಿಕ್ಕ ನೊಣ. ಚಂದ್ರಾ ಲೇಔಟಿನ ನೆರೆಮನೆಯವರಿಗೆ ಈ ಕೆಲಸವನ್ನು ವಿವರಿಸಿ ಸೋತು, ಈಗ "ರಿಸರ್ಚ್ ಆಫೀಸಲ್ಲಿದೀನಿ" ಎಂದಷ್ಟೇ ಹೇಳುತ್ತಾಳೆ. ನೊಣದ್ದೊಂದು ಸ್ವಭಾವ: ಗಾಜಿನ ಕೊಳವೆಯಲ್ಲಿ ಹಾಕಿ ಕುಕ್ಕಿದರೆ ತಳಕ್ಕೆ ಬೀಳುತ್ತದೆ, ಬಿದ್ದದ್ದೇ ಗೋಡೆ ಹಿಡಿದು ಮೇಲಕ್ಕೆ ಹತ್ತುತ್ತದೆ. ಕೊಳವೆಯ ಮಧ್ಯೆ ಒಂದು ಕೆಂಪು ಗೆರೆ. ಹತ್ತು ಸೆಕೆಂಡಿಗೆ ಸರಿಯಾಗಿ ಗೆರೆಯ ಬಳಿ ತೆಳ್ಳಗಿನ ತಗಡು ತೂರಿಸಬೇಕು. ಗೆರೆ ದಾಟಿದವು ಮುಂದಿನ ತಲೆಮಾರಿಗೆ ತಂದೆತಾಯಿ. ಕೆಳಗೆ ಉಳಿದವು ಸ್ಪಿರಿಟಿನ ಜಾಡಿಗೆ. ಬೇಗ ಹತ್ತುವವರ ಮಕ್ಕಳನ್ನೇ ಆರಿಸುತ್ತ ಹೋದರೆ ವಂಶ ಎಷ್ಟು ಚುರುಕಾಗುತ್ತದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಎನ್ನುವುದು ಲ್ಯಾಬಿನ ಮುಖ್ಯಸ್ಥರಾದ ಸುಧೀಂದ್ರ ಸಾರ್ ಹನ್ನೊಂದು ವರ್ಷದಿಂದ ಕೇಳುತ್ತಿರುವ ಪ್ರಶ್ನೆ. ಇಪ್ಪತ್ತೊಂದು ದಿನಕ್ಕೊಂದು ತಲೆಮಾರು. ಬೇರೆ ಬೇರೆಯಾಗಿ ಬೆಳೆಸುವ, ಒಂದೇ ಬಗೆಯ ನಾಲ್ಕು ವಂಶದ ಸಾಲುಗಳು, ಒಂದೊಂದಕ್ಕೆ ವಾರದ ಒಂದೊಂದು ದಿನ. ಇಪ್ಪತ್ತೊಂದು ದಿನವೆಂದರೆ ಸರಿಯಾಗಿ ಮೂರು ವಾರವಾದ್ದರಿಂದ ಮಂಗಳವಾರದ ಸಾಲು ಹನ್ನೊಂದು ವರ್ಷದಿಂದಲೂ ಮಂಗಳವಾರವೇ. ನೂರ ತೊಂಬತ್ತು ತಲೆಮಾರು ಅವಳ ಕೈ ದಾಟಿ ಹೋಗಿವೆ. ಪ್ರತಿ ಸಲವೂ ಲ್ಯಾಬಿನ ಪುಸ್ತಕದಲ್ಲಿ "ಹತ್ತು ಸೆಕೆಂಡು" ಎಂಬುದರ ಎದುರು ಸರಿ ಗುರುತು ಹಾಕಿ ಸಹಿ ಮಾಡಿದವಳೂ ಅವಳೇ.

ಸುಳ್ಳು ಇದ್ದದ್ದು ಆ ಸರಿ ಗುರುತಿನಲ್ಲಿ. ಹತ್ತು ಸೆಕೆಂಡು ಆಗುತ್ತಲೇ ಅವಳ ತೋರುಬೆರಳಿನ ಉಗುರು ಕೊಳವೆಯ ಗೋಡೆಯನ್ನು, ಗೆರೆಗಿಂತ ಒಂದಿಷ್ಟು ಕೆಳಗೆ, ಮೆಲ್ಲಗೆ ಒಮ್ಮೆ ತಟ್ಟುತ್ತಿತ್ತು. ಗೆರೆಯ ಕೆಳಗೆ ದಿಕ್ಕು ತೋಚದೆ ನಿಂತಿದ್ದ ನಾಲ್ಕಾರು ನೊಣ ಬೆಚ್ಚಿ ಓಡಿ ಮೇಲೆ ಸೇರುತ್ತಿದ್ದವು. ಆಮೇಲೆ ತಗಡು. ಎಲ್ಲ ಸೇರಿ ಒಂದೂವರೆ, ಎರಡು ಸೆಕೆಂಡು. ಅದು ಶುರುವಾದ ದಿನ ಯಾವುದೆಂದು ಅವಳಿಗೆ ನೆನಪಿಲ್ಲ. ಗೊತ್ತಿಲ್ಲದೆ ಮಾಡುತ್ತಿದ್ದೆ, ಅಭ್ಯಾಸ, ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ. ಆದರೆ ಆ ಮಾತು ತನ್ನೆದುರಿಗೇ ನಿಲ್ಲುತ್ತಿರಲಿಲ್ಲ. ಯಾಕೆಂದರೆ ಸುಧೀಂದ್ರ ಸಾರ್ ಕೋಣೆಯಲ್ಲಿದ್ದಾಗ ಬೆರಳು ತಟ್ಟುತ್ತಿರಲಿಲ್ಲ. ಏನೂ ಅರಿಯದ ಬೆರಳಿಗೆ ಯಾರು ಒಳಗೆ ಬಂದರೆಂದು ಹೇಗೆ ಗೊತ್ತಾಗಬೇಕು? ಈ ಒಂದು ಪ್ರಶ್ನೆಯನ್ನು ಮಾತ್ರ ಅವಳು ಹನ್ನೊಂದು ವರ್ಷದಿಂದ ನೊಣಗಳ ಕೋಣೆಯ ಬಾಗಿಲಾಚೆಯೇ ಬಿಟ್ಟು ಒಳಗೆ ಹೋಗುತ್ತಿದ್ದಳು.

ನಾಲ್ಕು ತಿಂಗಳ ಹಿಂದೆ ಅನಿಕೇತ್ ಬಂದ, ಅವನ ಜೊತೆ ತೋಳು ಬಂತು. ಅದಕ್ಕೆ ಹೀಗೆ ಮಾಡು ಹಾಗೆ ಮಾಡು ಎಂದು ಯಾರೂ ಬರೆದುಕೊಡುವುದಿಲ್ಲವಂತೆ, ಕೆಲಸ ಬಲ್ಲವರ ಕೈಯನ್ನು ನೋಡಿ ತಾನೇ ಕಲಿಯುತ್ತದಂತೆ. ಅವಳ ಬಲಗೈಗೆ ತಂತಿಗಳಿರುವ ತೆಳುವಾದ ಗ್ಲೌಸು ತೊಡಿಸಿದ. ಕ್ಯಾಮೆರಾ ಕೊಳವೆಯ ಗೆರೆಯನ್ನಷ್ಟೇ ನೋಡುತ್ತಿತ್ತು. ಬೆರಳುಗಳ ಸುದ್ದಿಯನ್ನೆಲ್ಲ ಗ್ಲೌಸು ಹೇಳುತ್ತಿತ್ತು. ಮೊದಲ ವಾರ ಅವಳು ಹುಷಾರಾಗಿದ್ದಳು, ಒಂದು ಸಲವೂ ತಟ್ಟಲಿಲ್ಲ. ಎರಡನೇ ವಾರ ಮರೆತಳು. ಗ್ಲೌಸು ಮನುಷ್ಯರಲ್ಲವಲ್ಲ, ಅದು ಬಾಗಿಲು ತೆರೆದು ಒಳಗೆ ಬರುವುದಿಲ್ಲ, ಕೆಮ್ಮುವುದಿಲ್ಲ, ಕುರ್ಚಿ ಎಳೆದುಕೊಂಡು ಕೂರುವುದಿಲ್ಲ. ಅದರೆದುರು ನಾಚಿಕೆಪಡುವುದು ಅವಳ ಬೆರಳಿಗೆ ತಿಳಿಯಲಿಲ್ಲ.

ಹನ್ನೊಂದು ಗಂಟೆಗೆ ಮೀಟಿಂಗು. ಗೋಡೆಯ ಪರದೆಯ ಮೇಲೆ ಅವಳ ಕೈ ಒಂದು ನೀಲಿ ಗೆರೆಯಾಗಿತ್ತು. ಗೆರೆ ಏರಿ, ಇಳಿದು, ನೇರ ಸಾಗಿ, ಕೊನೆಗೆ ಒಂದು ಪುಟ್ಟ ಮುಳ್ಳಿನಷ್ಟು ಎದ್ದು ನಿಂತಿತ್ತು. ಅನಿಕೇತ್ ಅದರ ಮೇಲೆ ಕೆಂಪು ಚುಕ್ಕೆ ಆಡಿಸುತ್ತ, "ಇದು ಆಂಟಿ ಕೈ ನಡುಕ ಸಾರ್. ಸಾವಿರಾರು ಸಲ ರಿಪೀಟ್ ಆಗಿರೋದ್ರಿಂದ ಇದೂ ಕೆಲಸದ ಒಂದು ಭಾಗ ಅಂತ ಮಷೀನು ಅಂದ್ಕೊಂಡಿದೆ. ಈ ತುಂಡನ್ನ ಕತ್ತರಿಸಿ ಮತ್ತೆ ಕಲಿಸಿದ್ರೆ ಸರಿ ಹೋಗುತ್ತೆ, ಎರಡು ದಿನದ ಕೆಲಸ" ಎಂದ. ಸುಧೀಂದ್ರ ಸಾರ್ ಅವಳತ್ತ ತಿರುಗಿ, "ಬಿ.ಪಿ. ಚೆಕ್ ಮಾಡಿಸಿದ್ರಾ ನೀಲಾಂಬಿಕಾ ಅವ್ರೇ? ಬೇಕಾದ್ರೆ ನಾಕು ದಿನ ರಜ ತಗೊಳಿ" ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದೇ ಕಡಿಮೆ. ಪಕ್ಕದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ಶಿವಾನಿ ಮೇಜಿನ ಕೆಳಗಿಂದ ಅವಳ ಕೈಯನ್ನು ಹಿಡಿದು ಒತ್ತಿದಳು. ಬೈದಿದ್ದರೆ ನೀಲಾಂಬಿಕಾ ತಡೆದುಕೊಳ್ಳುತ್ತಿದ್ದಳು. ಎಲ್ಲರೂ ಸೇರಿ ಅವಳಿಗೊಂದು ಕಾಯಿಲೆ ದಾನ ಮಾಡುತ್ತಿದ್ದಾರೆ, ಅವಳು ಸೆರಗೊಡ್ಡಿ ತೆಗೆದುಕೊಳ್ಳುತ್ತಿದ್ದಾಳೆ. "ಚೆಕ್ ಮಾಡಿಸ್ತೀನಿ ಸಾರ್" ಎಂದಳು. ಅಷ್ಟೇ ಸಾಕಾಗಿತ್ತು. ಇನ್ನು ಎರಡು ದಿನ ಸುಮ್ಮನಿದ್ದರೆ ಆ ಮುಳ್ಳು ಅಳಿಸಿಹೋಗುತ್ತದೆ, ತೋಳು ಹತ್ತು ಸೆಕೆಂಡಿಗೆ ಸರಿಯಾಗಿ ತಗಡು ತೂರಿಸುತ್ತದೆ, ಹನ್ನೊಂದು ವರ್ಷದ ಸರಿ ಗುರುತುಗಳು ಪುಸ್ತಕದೊಳಗೆ ತಣ್ಣಗೆ ಮಲಗಿರುತ್ತವೆ.

ಆದರೆ ಶಿವಾನಿಯ ಕೈ ಬೆಚ್ಚಗಿತ್ತು. ಐದು ವರ್ಷದ ಹಿಂದೆ ಈ ಹುಡುಗಿ ಬಂದಾಗ ನೊಣವನ್ನು ಕುಂಚದಿಂದ ಎತ್ತಲು ಬಾರದೆ ಹತ್ತಿಪ್ಪತ್ತನ್ನು ಅಪ್ಪಚ್ಚಿ ಮಾಡಿ ಅತ್ತಿದ್ದಳು. ಕೈ ಹಿಡಿದು ಕಲಿಸಿದ್ದು ನೀಲಾಂಬಿಕಾ. ಈಗ ಅವಳ ಪಿಎಚ್.ಡಿ. ಇದೇ ನೊಣಗಳ ಮೇಲೆ ನಿಂತಿದೆ. ಅರವತ್ತನೇ ತಲೆಮಾರಿನವರೆಗೆ ವೇಗ ಏರುತ್ತ ಬಂದು, ಆಮೇಲೆ ಏರುವುದೇ ನಿಂತುಹೋಯಿತು. ಯಾಕೆ ನಿಂತಿತು? ವಂಶದಲ್ಲಿದ್ದ ಚುರುಕೆಲ್ಲ ಖರ್ಚಾಯಿತು, ಪ್ರಕೃತಿ ಇನ್ನು ಕೊಡಲಾರದು, ಎಂದು ಶಿವಾನಿ ಇನ್ನೂರು ಪುಟ ಬರೆದಿದ್ದಾಳೆ. ಮೂರು ತಿಂಗಳಲ್ಲಿ ಒಪ್ಪಿಸಬೇಕು. ಒಮ್ಮೆ ಊಟದ ಡಬ್ಬಿ ತೆರೆದುಕೊಂಡು ಕೂತಾಗ ಆ ನಕ್ಷೆಯನ್ನು ತೋರಿಸಿ ವಿವರಿಸಿದ್ದಳು. ನೀಲಾಂಬಿಕಾ ಚಪಾತಿ ಮುರಿಯುತ್ತ, ಪ್ರಕೃತಿಯ ಹೆಸರಿನಲ್ಲಿ ನಿಂತಿರುವುದು, ನಿಧಾನದ ನೊಣಗಳನ್ನೂ ಪ್ರತಿ ತಲೆಮಾರಿಗೆ ಸೇರಿಸುತ್ತ ಬಂದ ತನ್ನ ಉಗುರಿರಬಹುದೇ ಎಂದು ಯೋಚಿಸಿದ್ದಳು, ಯೋಚಿಸಿ ಚಪಾತಿ ತಿಂದಿದ್ದಳು.

ಮೀಟಿಂಗು ಮುಗಿದು ಎಲ್ಲರೂ ಎದ್ದ ಮೇಲೆ ಅವಳು ನೊಣಗಳ ಕೋಣೆಗೆ ಬಂದಳು. ಅನಿಕೇತ್ ಖಾಲಿ ಕೊಳವೆ ಇಟ್ಟು ತೋಳನ್ನು ಓಡಿಸಿ ಬಿಟ್ಟುಹೋಗಿದ್ದ, ಅದು ತನ್ನ ಪಾಡಿಗೆ ಅಭ್ಯಾಸ ಮಾಡುತ್ತಿತ್ತು. ಕೊಳವೆ ಕುಕ್ಕಿತು, ಕಾಯಿತು, ಹತ್ತು ಸೆಕೆಂಡಾಗುತ್ತಲೇ ರಬ್ಬರಿನ ಬೆರಳು ಮುಂದೆ ಬಂದು ಗೆರೆಯ ಕೆಳಗೆ ಮೆಲ್ಲಗೆ ಒಮ್ಮೆ ತಟ್ಟಿತು. ಒಳಗೆ ಒಂದು ನೊಣವೂ ಇಲ್ಲ. ಆದರೂ ಎಂಥ ಜತನ. ಅದನ್ನು ನೋಡುತ್ತ ನಿಂತವಳಿಗೆ ಮಾರೇನಹಳ್ಳಿಯ ಫುಟ್‌ಪಾತು, ಒದ್ದೆ ಗೋಣಿಚೀಲದ ಮೇಲೆ ಅವ್ವನ ಹೂವಿನ ಬುಟ್ಟಿ ನೆನಪಾದವು. ಹಾವೇರಿ ಕಡೆಯ ಹೂಗಾರರ ಮನೆಯಿಂದ ಬಂದ ಅವ್ವ ದುರ್ಗವ್ವ, ಮೊಣಕೈಯಿಂದ ನಡುಬೆರಳ ತುದಿಯವರೆಗೆ ಮೊಳ ಅಳೆದು, ದಾರ ಹರಿಯುವ ಮುಂಚೆ ನಾಲ್ಕು ಬೆರಳಿನಷ್ಟು ಹೆಚ್ಚಿಗೆ ಬಿಡುತ್ತಿದ್ದಳು. ಅದು ಕೊಸರು, ಅಳತೆಗೆ ಸೇರಿದ್ದಲ್ಲ, ಅಳತೆಯ ಮೇಲಿನದು. ಸಂಜೆ ಅವ್ವ ಮನೆಗೆ ಹೋದಾಗ ಒಂಬತ್ತು ವರ್ಷದ ನೀಲಾಂಬಿಕಾ ಬುಟ್ಟಿಯ ಮುಂದೆ ಕೂರುತ್ತಿದ್ದಳು. ಒಂದು ದಿನ ಕನ್ನಡಕದ ಹೆಂಗಸೊಬ್ಬರು ಅವಳು ಕೊಟ್ಟ ಮಲ್ಲಿಗೆಯನ್ನು ಎಲ್ಲರೆದುರು ಎತ್ತಿ ಹಿಡಿದು, "ಇದು ಮೊಳಾನಾ? ನಿನ್ನ ಕೈ ಎಷ್ಟುದ್ದ ಇದೆ ನೋಡ್ಕೋ. ಈಗ್ಲೇ ಮೋಸ ಕಲ್ತಿದೀಯ" ಎಂದಿದ್ದರು. ಅಕ್ಕಪಕ್ಕದ ಸೊಪ್ಪಿನವರೂ ನಕ್ಕಿದ್ದರು. ಕೈ ಚಿಕ್ಕದಿದ್ದರೆ ಮೊಳವೂ ಚಿಕ್ಕದಾಗುತ್ತದೆಂಬುದು ಅವಳಿಗೆ ಹೊಳೆದೇ ಇರಲಿಲ್ಲ. ರಾತ್ರಿ ಅವ್ವ ಕೇಳಿ, "ಅಳ್ತಿ ಕಮ್ಮಿ ಬಿದ್ರ ಕೊಸರು ಜಾಸ್ತಿ ಬಿಡು, ಅಷ್ಟ" ಎಂದು ಮಗ್ಗುಲಾದಳು. ಅಂದಿನಿಂದ ಅವಳು ಯಾರಿಗೆ ಏನು ಅಳೆದು ಕೊಟ್ಟರೂ ಕಡಿಮೆಯಾಯಿತೇನೋ ಎಂಬ ಅಳುಕು. ಜನ ಅದನ್ನು ಧಾರಾಳ ಎನ್ನುತ್ತಿದ್ದರು. ಅವಳಿಗೆ ಗೊತ್ತು, ಅದು ಧಾರಾಳವಲ್ಲ, ಗಿಡ್ಡ ಕೈಯ ನಾಚಿಕೆ. ಈಗ ಅದೇ ನಾಚಿಕೆಯನ್ನು ಕಬ್ಬಿಣದ ತೋಳೊಂದು ಚಾಚೂ ತಪ್ಪದೆ ಕಲಿತುಕೊಂಡಿದೆ. ಅದನ್ನು ಕತ್ತರಿಸಿ ಎಸೆಯುತ್ತಾರಂತೆ, ನಡುಕವೆಂದು.

ಇಲ್ಲ, ಅದು ನಡುಕವಲ್ಲ, ಎಂದು ಅವಳ ಮನಸ್ಸು ಹಟ ಹಿಡಿಯಿತು. ತಪ್ಪೆಂದರೆ ತಪ್ಪೆನ್ನಲಿ, ಕಾಯಿಲೆ ಎನ್ನಬಾರದು. ಹೀಗೆ ಅನ್ನಿಸಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಬಾಯಿ ಮುಚ್ಚಿಸಿದ್ದು ಭಯ, ಈಗ ಬಾಯಿ ತೆರೆಸುತ್ತಿರುವುದು ಬೇರೇನೂ ಅಲ್ಲ, ಕೈಯ ಬಗ್ಗೆ ಒಂದು ಜಂಬ.

ಶಿವಾನಿ ಲ್ಯಾಬಿನ ಅಡಿಗೆಮನೆಯಲ್ಲಿದ್ದಳು. ದೊಡ್ಡ ಪಾತ್ರೆಯಲ್ಲಿ ನೊಣಗಳ ಆಹಾರ, ಬಾಳೆಹಣ್ಣು, ಬೆಲ್ಲ, ಬಾರ್ಲಿ, ಕುದಿಯುತ್ತಿತ್ತು. ನೀಲಾಂಬಿಕಾಗೆ ಶ್ರಮವಾಗಬಾರದೆಂದು ತಾನೇ ಸೌಟು ಹಿಡಿದು ತಿರುವುತ್ತಿದ್ದಳು.

"ಶಿವಾನಿ, ನನ್ನ ಕೈ ನಡುಗಲ್ಲ."

"ನಮ್ಮಜ್ಜಿನೂ ಹಂಗೇ ಅಂತಿದ್ರು ಆಂಟಿ. ಸಂಜೆ ವಿಜಯನಗರದಲ್ಲಿ ಡಾಕ್ಟ್ರು ಸಿಗ್ತಾರೆ, ನಾನೂ ಜೊತೇಲಿ ಬರ್ತೀನಿ."

"ನಡುಗಲ್ಲ ಕಣೇ. ನಾನೇ ತಟ್ಟೋದು. ಹತ್ತು ಸೆಕೆಂಡ್ ಆದ್ಮೇಲೆ ಒಂದ್ಸಲ. ಹಿಂದೆ ಬಿದ್ದಿರೋವು ಹತ್ತಲಿ ಅಂತ."

ಶಿವಾನಿಯ ಸೌಟು ನಿಂತಿತು. "ಯಾವಾಗಿಂದ?"

"ಮೊದಲಿಂದ್ಲೂ."

ಶಿವಾನಿಯ ಮುಖದಲ್ಲಿ ಸಿಟ್ಟು ಬರಲಿ ಎಂದು ನೀಲಾಂಬಿಕಾ ಕಾದಳು. ಬಂದದ್ದು ಸಿಟ್ಟಲ್ಲ, ಲೆಕ್ಕ. ಇನ್ನೂರು ಪುಟಗಳನ್ನು ಆ ಹುಡುಗಿ ಒಳಗೊಳಗೇ ಒಂದೊಂದಾಗಿ ತಿರುವಿಹಾಕುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. "ಅದು ಯಾಕೆ ನಿಂತೋಯ್ತು ಅಂತ ನಾನು ಒಂದು ವರ್ಷ ತಲೆ ಕೆಡಿಸ್ಕೊಂಡಿದೀನಿ ಆಂಟಿ" ಎಂದಳು ಕೊನೆಗೆ. "ಪಕ್ಕದಲ್ಲೇ ಕೂತು ಊಟ ಮಾಡ್ತಿದ್ರಿ." ಆಮೇಲೆ ದನಿ ತಗ್ಗಿಸಿ, "ಮೂರು ತಿಂಗಳು ಬಿಟ್ಟು ಹೇಳ್ಬಹುದಿತ್ತಲ್ಲ" ಎಂದಳು. ಹಾಗೆಂದವಳೇ ತನ್ನ ಮಾತಿಗೆ ತಾನೇ ಬೆಚ್ಚಿ ಮುಖ ಆಚೆ ತಿರುಗಿಸಿದಳು. ಆ ಕ್ಷಣ ನೀಲಾಂಬಿಕಾಗೆ ಅವಳ ಮೇಲೆ ಉಕ್ಕಿದಷ್ಟು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ. ಬೆಲ್ಲ ತಳ ಹಿಡಿಯುವ ವಾಸನೆ ಬಂತು. ಇಬ್ಬರೂ ಒಟ್ಟಿಗೆ ಒಲೆಯತ್ತ ಬಗ್ಗಿದರು. ಶಿವಾನಿ ಗ್ಯಾಸು ಆರಿಸಿ, "ನಡೀರಿ, ಸಾರ್ ಹತ್ರ ಹೋಗೋಣ" ಎಂದಳು.

ಸುಧೀಂದ್ರ ಸಾರ್ ಕೇಳುವಷ್ಟೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹನ್ನೊಂದು ವರ್ಷ" ಎಂದರು. "ಸೋಮವಾರ ಬೆಳಿಗ್ಗೆ ಎಲ್ಲಾ ನಾನು ಅಲ್ಲೇ ಕೂತಿರ್ತಿದ್ದೆನಲ್ಲ. ನಾನು ಯಾವತ್ತೂ ನೋಡ್ಲೇ ಇಲ್ವಾ?"

ಇದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ತಟ್ಟಿದ್ದನ್ನು ಕರುಣೆ ಎಂದಾದರೂ ಯಾರಾದರೂ ಅನ್ನಬಹುದು. ಇದಕ್ಕೆ ಆ ಹೆಸರೂ ಇಲ್ಲ. "ನೀವಿದ್ದಾಗ ತಟ್ತಾ ಇರ್ಲಿಲ್ಲ ಸಾರ್" ಎಂದಳು ನೆಲ ನೋಡುತ್ತ. "ಒಂದ್ಸಲಾನೂ ಇಲ್ಲ. ಭಯ ಆಗೋದು."

ಬಾಗಿಲ ಬಳಿ ನಿಂತಿದ್ದ ಶಿವಾನಿ ಒಳಗೆ ಬಂದಳು. "ಸಾರ್, ಸೋಮವಾರ ಅಂದ್ರೆ ನಾಲ್ಕನೇ ಸಾಲು."

ಸಾರ್ ತಲೆಯೆತ್ತಿದರು. ನಾಲ್ಕನೇ ಸಾಲು ಮನೆಯಲ್ಲಿ ಮಾತು ಕೇಳದ ಮಗುವಿನಂತಿತ್ತು. ಉಳಿದ ಮೂರೂ ಸಾಲು ಅರವತ್ತನೇ ತಲೆಮಾರಿಗೆ ನಿಂತರೂ ಅದು ಮಾತ್ರ ಏರುತ್ತಲೇ ಹೋಗಿತ್ತು. ಕೊಳವೆ ಬದಲಿಸಿ ನೋಡಿದ್ದರು, ಜೀನುಗಳನ್ನು ಓದಿಸಿ ನೋಡಿದ್ದರು. ಕೊನೆಗೆ ಶಿವಾನಿ ಅದನ್ನು ಕಾರಣ ತಿಳಿಯದ ಅಪವಾದವೆಂದು ಒಂದು ಅಡಿಟಿಪ್ಪಣಿಗೆ ತಳ್ಳಿ ಕೈತೊಳೆದುಕೊಂಡಿದ್ದಳು. ಈಗ ಅವಳು ಲ್ಯಾಪ್‌ಟಾಪು ತೆರೆದು ಸಾರ್ ಮೇಜಿನ ಮೇಲಿಟ್ಟು, ಕೂರಲೂ ಮರೆತು, ಬಗ್ಗಿಕೊಂಡೇ ನಕ್ಷೆಯ ಮೇಲೆ ಬೆರಳಿಟ್ಟಳು. ಮೂರು ಗೆರೆ ಮಲಗಿದ್ದವು, ಒಂದು ಗೆರೆ ಹತ್ತುತ್ತಿತ್ತು. ತಟ್ಟಿದ್ದು ಮೂರು, ತಟ್ಟದ್ದು ಒಂದು. ನೀಲಾಂಬಿಕಾ ನಕ್ಷೆಯನ್ನು ನೋಡಿದಳು. ಅವಳ ಕರುಣೆ ಹಿಂದಕ್ಕೆಳೆದದ್ದೆಷ್ಟು, ಅವಳ ಭಯ ಮುಂದಕ್ಕೆ ಬಿಟ್ಟದ್ದೆಷ್ಟು, ಎರಡೂ ಅಲ್ಲಿ ಪಕ್ಕಪಕ್ಕದಲ್ಲಿ ಕೂತಿದ್ದವು. ತನ್ನ ಹೇಡಿತನದಿಂದ ಯಾರಿಗಾದರೂ ಉಪಯೋಗವಾದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನ ತುದಿಯನ್ನು ಸುತ್ತುತ್ತ ನಿಂತಳು.

"ಒಳ್ಳೇದಾಯ್ತು ಅಂತ ನಾನು ಹೇಳಲ್ಲ ನೀಲಾಂಬಿಕಾ ಅವ್ರೇ" ಎಂದರು ಸಾರ್. "ಪುಸ್ತಕದಲ್ಲಿ ಸುಳ್ಳು ಬರೆದಿದೀರಿ. ನಾನೂ ಓದ್ದೆ ಸಹಿ ಹಾಕಿದೀನಿ. ಒಂದೇ ಒಂದು ಸಾಲಿಂದ ಏನೂ ಸಾಬೀತಾಗೋದೂ ಇಲ್ಲ. ಆದ್ರೆ ಇಷ್ಟು ದಿನ ನಮ್ಮ ಹತ್ರ ಇದ್ದದ್ದು ತಪ್ಪು ಉತ್ತರ. ಈಗ ಸರಿಯಾದ ಪ್ರಶ್ನೆ ಸಿಕ್ಕಿದೆ." ಶಿವಾನಿಯತ್ತ ತಿರುಗಿ, "ಆರು ತಿಂಗಳು ತಡ ಆಗುತ್ತಮ್ಮ" ಎಂದರು. ಶಿವಾನಿ ಹೂಂ ಎಂದಳು. ಅವಳ ಕಣ್ಣು ನಾಲ್ಕನೇ ಗೆರೆಯಿಂದ ಕದಲಿರಲಿಲ್ಲ. ಆಘಾತ ಇನ್ನೂ ಪೂರ್ತಿ ಇಳಿದಿರದ ಆ ಮುಖದಲ್ಲಿ ಆಗಲೇ ಏನೋ ಹುಡುಕಾಟ ಶುರುವಾಗಿತ್ತು. ಅದನ್ನು ಕಂಡು ನೀಲಾಂಬಿಕಾಗೆ ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸರಾಗವಾಯಿತು.

ಅನಿಕೇತನಿಗೂ ವಿಷಯ ತಿಳಿಸಿದರು. ಅವನು ಕೆಂಪಗಾಗಿ, "ಸಾರಿ ಆಂಟಿ, ನಾನು ನಡುಕ ಗಿಡುಕ ಅಂತ ಏನೇನೋ" ಎಂದು ತಡವರಿಸಿದ. ಕತ್ತರಿಸುವ ಯೋಚನೆ ಬಿಟ್ಟು ಅವಳ ತಟ್ಟುಗಳನ್ನೆಲ್ಲ ಬೇರೆ ತೆಗೆದು ಅಳೆಯಲು ಕೂತ. ಎಷ್ಟು ಜೋರು, ಎಷ್ಟು ಹೊತ್ತು, ಎಲ್ಲವೂ ಗ್ಲೌಸಿನಲ್ಲಿತ್ತು. ಅವಳೇ ಮರೆತ ನಾಲ್ಕು ತಿಂಗಳ ಒಂದೊಂದು ತಟ್ಟನ್ನೂ ಅದು ಜೋಪಾನವಾಗಿ ಎತ್ತಿಟ್ಟಿತ್ತು.

ಮೂರು ಗಂಟೆಗೆ ಮಂಗಳವಾರದ ಸಾಲು ಕಾದಿತ್ತು. ಏನು ಮಾಡಬೇಕೆಂದು ಅವಳು ಕೇಳುವ ಮೊದಲೇ ಸಾರ್, "ತಟ್ಟಿ. ಈ ಸಾಲು ಇಷ್ಟು ವರ್ಷ ಹೇಗೆ ಬಂದಿದೆಯೋ ಹಾಗೇ ಹೋಗ್ಬೇಕು. ತಟ್ಟದೆ ಹೊಸದಾಗಿ ಮೂರು ಸಾಲು ಬೇರೆ ಶುರು ಮಾಡೋಣ" ಎಂದರು. ಎಂದು ಕುರ್ಚಿ ಎಳೆದುಕೊಂಡು ಅವಳ ಎಡಕ್ಕೇ ಕೂತರು. ಬಲಕ್ಕೆ ಶಿವಾನಿ, ತೊಡೆಯ ಮೇಲೆ ಲ್ಯಾಬಿನ ಪುಸ್ತಕ. ಹಿಂದೆ ಅನಿಕೇತ್. ನೀಲಾಂಬಿಕಾ ಕೊಳವೆ ಕುಕ್ಕಿದಳು. ನೊಣಗಳು ತಳಕ್ಕೆ ಬಿದ್ದು ಗೋಡೆ ಹಿಡಿದವು. ಒಂದು, ಎರಡು, ಮೂರು. ಸಾರ್ ಉಸಿರಾಡುವುದು ಕೇಳುತ್ತಿತ್ತು. ಏಳು, ಎಂಟು. ಬೆರಳು ಹೆಪ್ಪುಗಟ್ಟಿತ್ತು, ಅವರೆದುರು ಅದು ಒಮ್ಮೆಯೂ ಎದ್ದದ್ದಲ್ಲ. ಒಂಬತ್ತು. ಹತ್ತು. ಗೆರೆಯ ಕೆಳಗೆ ಏಳೆಂಟು ನೊಣ ಸುಮ್ಮನೆ ನಿಂತಿದ್ದವು. ಅವಳ ಉಗುರು ಮೇಲೆದ್ದು ಗಾಜನ್ನು ತಟ್ಟಿತು. ಎಲ್ಲರಿಗೂ ಕೇಳಿಸುವಂತೆ ಟಕ್ಕೆಂದಿತು. ನೊಣಗಳು ಓಡಿದವು, ಅವಳು ತಗಡು ತೂರಿಸಿದಳು.

"ಆರು ಬಂದ್ವು" ಎಂದಳು ಶಿವಾನಿ, ಬರೆದುಕೊಳ್ಳುತ್ತ.

ತಗಡಿನ ಕೆಳಗೆ, ಗಾಜಿಗಂಟಿಕೊಂಡು, ಒಂದು ನೊಣ ಉಳಿದಿತ್ತು. ಆಗಷ್ಟೇ ಎಚ್ಚರವಾದಂತೆ ಹತ್ತಲು ಶುರುಮಾಡಿತು. ಸುಧೀಂದ್ರ ಸಾರ್ ಮುಂದೆ ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ, ಅವರ ಬಾಯಿಂದ ಅವಳು ಯಾವತ್ತೂ ಕೇಳಿರದ ಅನುಮಾನದ ದನಿಯಲ್ಲಿ, "ಇನ್ನೊಂದ್ಸಲ ತಟ್ಟಿದ್ರೆ ಅದೂ ಬರ್ತಿತ್ತೇನೋ, ಅಲ್ವಾ?" ಎಂದರು.

"ಬರ್ತಿತ್ತು ಸಾರ್" ಎಂದಳು ನೀಲಾಂಬಿಕಾ. "ಆದ್ರೆ ಎರಡನೇ ಸಲ ನಾನು ಯಾವತ್ತೂ ತಟ್ಟಿಲ್ಲ. ಅದನ್ನೂ ಬರ್ಕೊಳಮ್ಮ ಶಿವಾನಿ."